ನಾಮವೂ ಅಂಕಿತವೂ

ನಂಜನಗೂಡು ತಾಲ್ಲೂಕಿನ ಹೋಬಳಿಗಳಲ್ಲಿ ಚಿಕ್ಕಯ್ಯನಛತ್ರವೆಂಬುದು ಒಂದು. ಈ ಹೆಸರನ್ನು ಬಿಡಿಸಿ ನೋಡಿದರೆ ಅದರ ಚರಿತ್ರೆ ಅದರಲ್ಲಿಯೇ ಕಾಣುತ್ತದೆ. ಚಿಕ್ಕಯ್ಯನೆಂಬ ವ್ಯಕ್ತಿಯ ಹೆಸರು ದಾರಿಹೋಕರಿಗೆ ಅನ್ನ ನೆಳಲುಗಳನ್ನೀಯುವ ಛತ್ರಕ್ಕೆ ಅಂಟಿತು. ಛತ್ರದ ಹೆಸರು ಊರಿಗೆ ಅಂಟಿತು. ಊರಿನ ಹೆಸರು ಹೋಬಳಿಗೆ ವ್ಯಾಪಿಸಿತು. ಇಂದು ಕಂದಾಯದ ಕಾಗದಗಳಲ್ಲಿ ಸಾವಿರಾರು ರೈತರ ಹೆಸರುಗಳ ಮೇಲೆ ಈ ಒಂದು ಹೆಸರು ಕುಳಿತಿದೆ. ಉಣಿಸಿದವನ ಹೆಸರು ಉಳಿಯಿತು, ಉಂಡವರ ಹೆಸರು ಉಳಿಯಲಿಲ್ಲ. ಲೋಕದ ರೀತಿಯೇ ಹಾಗೆ.

ಆದರೆ ಉಂಡವರಿಗೂ ಹೆಸರುಗಳಿದ್ದುವು. ಹಿಂದಿನ ಕಾಲದಲ್ಲಿ ನಾಡಿನ ಛತ್ರಗಳ ಬಾಗಿಲಿಗೆ ಬಂದ ಪಯಣಿಗನನ್ನು ಮೊದಲು ಕೇಳುತ್ತಿದ್ದುದು ಹಸಿವಿನ ಮಾತನ್ನಲ್ಲ, ಹೆಸರನ್ನು. ಹೆಸರಿನ ಬೆನ್ನಿಗೆ ಊರು, ಊರಿನ ಬೆನ್ನಿಗೆ ಕುಲ. ಪಂಕ್ತಿಭೇದವು ಬಹುಕಾಲ ನಡೆದುಬಂದ ಪದ್ಧತಿಯಾದುದರಿಂದ, ಒಳಗೆ ಎಲೆ ಹಾಕಬೇಕೆ, ಹೊರಜಗುಲಿಯಲ್ಲಿ ಹಾಕಬೇಕೆ, ಅಂಗಳದಾಚೆಯೇ ನಿಲ್ಲಿಸಬೇಕೆ ಎಂಬುದನ್ನು ಆ ಉತ್ತರವೇ ಗೊತ್ತುಮಾಡುತ್ತಿತ್ತು. ಹೆಸರು ಹೇಳುವಾಗ ಮನುಷ್ಯನು ತನ್ನನ್ನು ಹೇಳಿಕೊಳ್ಳುತ್ತಿರಲಿಲ್ಲ, ತನ್ನ ಹಿಂದಿನವರನ್ನು ಹೇಳಿಕೊಳ್ಳುತ್ತಿದ್ದನು. ಹಾಗಾದರೆ ಹೆಸರೆಂಬುದು ಅದನ್ನು ಹೊತ್ತವನ ಸ್ವತ್ತೇ, ಅಥವಾ ಅವನ ಮೇಲೆ ಇತರರು ಒತ್ತಿದ ಮುದ್ರೆಯೇ? ಶರಣರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದರೆಂಬುದು ವಿಚಾರಾರ್ಹವಾದ ವಿಷಯ.

ಹೆಸರನ್ನು ಯಾರೂ ತಾವಾಗಿ ಆರಿಸಿಕೊಂಡು ಹುಟ್ಟುವುದಿಲ್ಲ. ತೊಟ್ಟಿಲಲ್ಲಿರುವ ಶಿಶುವಿಗೆ ಹಿರಿಯರು ಅದನ್ನು ಇಡುತ್ತಾರೆ. ಸದ್ಭಕ್ತರ ಮನೆಗಳಲ್ಲಿ ಲಿಂಗಧಾರಣೆಯೂ ನಾಮಕರಣವೂ ಮಗುವಿಗೆ ತಿಳಿವು ಮೂಡುವ ಮೊದಲೇ ನಡೆದುಹೋಗುತ್ತವೆ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವುದು ವಾಡಿಕೆ. ಇದರಲ್ಲೊಂದು ಸ್ವಾರಸ್ಯವಿದೆ. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಸಂಕೋಚವುಳ್ಳ ಸೊಸೆಯು ಆ ಹೆಸರಿನ ಮಗನನ್ನು ಗದರಿಸುವುದೆಂತು? ಆದುದರಿಂದ ಮನೆಯಲ್ಲಿ ಅವನಿಗೆ ಪುಟ್ಟ, ಗುಂಡ, ಚಿಕ್ಕು ಎಂಬ ಬೇರೊಂದು ಹೆಸರು ಹುಟ್ಟುತ್ತದೆ. ಶಾಲೆಯ ಮೆಟ್ಟಿಲು ಹತ್ತುವವರೆಗೆ ತನ್ನ ನಿಜನಾಮ ಬೇರೆಯೆಂಬುದೇ ಎಷ್ಟೋ ಮಕ್ಕಳಿಗೆ ತಿಳಿದಿರುವುದಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲಿರಿಸಿ ಎತ್ತಿಕೊಂಡು ತಿಪ್ಪಯ್ಯನೆಂದೋ ತಿಪ್ಪಮ್ಮನೆಂದೋ ಕರೆದರು. ಮೃತ್ಯುವಿನ ಕಣ್ಣಿಗೆ ಬೀಳದಿರಲೆಂಬ ತಾಯಿಯ ಆರ್ತತೆ ಅದರಲ್ಲಿದೆ. ಆದರೆ ಎಲ್ಲ ಹೀನನಾಮಗಳೂ ಪ್ರೀತಿಯಿಂದ ಹುಟ್ಟಿದವುಗಳಲ್ಲ. ನೆರೆಯ ಮಹಾರಾಷ್ಟ್ರದಲ್ಲಿ, ಗಂಡುಮಗುವನ್ನು ಬಯಸಿದ ಮನೆಯಲ್ಲಿ ಹುಟ್ಟಿದ ಹೆಣ್ಣಿಗೆ ‘ಬೇಡವಾದವಳು’ ಎಂಬರ್ಥದ ನಕೂಸಾ ಎಂಬ ಹೆಸರಿಡುವ ರೂಢಿಯಿತ್ತು. ೨೦೧೧ರಲ್ಲಿ ಸಾತಾರಾ ಜಿಲ್ಲೆಯ ಆಡಳಿತದವರು ಅಂತಹ ನೂರಾರು ಬಾಲಿಕೆಯರನ್ನು ಕರೆಸಿ ಅವರಿಗೆ ಬೇರೆ ಹೆಸರುಗಳನ್ನು ಇಡಿಸಿದರು. ದಿನಕ್ಕೆ ಹತ್ತು ಸಲ ‘ಬೇಡವಾದವಳೇ’ ಎಂದು ಕರೆಸಿಕೊಂಡು ಬೆಳೆದ ಹುಡುಗಿಯು ತನ್ನ ವಿಷಯದಲ್ಲಿ ಏನೆಂದು ತಿಳಿದುಕೊಂಡಾಳೆಂಬುದನ್ನು ಹೇಳಲು ಶಾಸ್ತ್ರಪ್ರಮಾಣ ಬೇಕಿಲ್ಲ.

ಕಪಿಲಾ ತೀರದ ಹೆಸರುಗಳನ್ನು ಗಮನಿಸಿದರೆ ಈ ವಿಷಯ ಇನ್ನೂ ವಿಶದವಾಗುತ್ತದೆ. ನಂಜನ್ನುಂಡವನು ನಂಜುಂಡ. ಅವನಿಂದ ನಂಜಯ್ಯ, ನಂಜಪ್ಪ, ನಂಜಮ್ಮ, ನಂಜುಂಡಪ್ಪ, ನಂಜುಂಡಸ್ವಾಮಿ. ಆ ದೇವನೇ ಸಂಸ್ಕೃತದಲ್ಲಿ ಶ್ರೀಕಂಠನಾದುದರಿಂದ ಓದುಬರಹದ ಮನೆಗಳಲ್ಲಿ ಶ್ರೀಕಂಠಯ್ಯ, ಶ್ರೀಕಂಠಸ್ವಾಮಿ. ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣಿನ ಬೇನೆ ಇಲ್ಲಿಯ ಸೇವೆಯಿಂದ ವಾಸಿಯಾಯಿತೆಂದು ಪಚ್ಚೆಯ ಲಿಂಗವನ್ನರ್ಪಿಸಿ, ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬುದು ಕ್ಷೇತ್ರದ ಪ್ರತೀತಿ. ದೇವರಿಗೂ ಹೆಸರಿಡುವವರು ಭಕ್ತರೇ. ಯಾರು ಅವನಲ್ಲಿ ಏನನ್ನು ಕಂಡರೋ ಅದೇ ಅವನ ಹೆಸರು. ವೈದ್ಯವನ್ನು ಕಂಡವನಿಗೆ ಅವನು ಹಕೀಮನಾದನು.

ಮಲೆಯ ಮಹದೇಶ್ವರನ ಹೆಸರಿನ ಕಥೆ ಇಷ್ಟು ಸರಳವಲ್ಲ. ಮೈಸೂರು ಚಾಮರಾಜನಗರಗಳ ಕಡೆಯಲ್ಲಿ ಅವನ ಒಕ್ಕಲಾಗದ ಜಾತಿಯೇ ವಿರಳ. ಆ ಒಬ್ಬ ದೇವರ ಹೆಸರು ಒಂದು ಕೇರಿಯಲ್ಲಿ ಮಹದೇವಸ್ವಾಮಿ, ಇನ್ನೊಂದರಲ್ಲಿ ಮಹದೇವಪ್ಪ, ಮತ್ತೊಂದರಲ್ಲಿ ಮಾದಪ್ಪ, ಮಾದಯ್ಯ. ಊರ ಹೊರಗಣ ಕೇರಿಗೆ ಬಂದಾಗ ಅದು ಬರಿಯ ಮಾದ. ಮನೆಯಲ್ಲಿ ಹೆತ್ತವರು ಮಾದಯ್ಯನೆಂದೇ ಹೆಸರಿಟ್ಟಿದ್ದರೂ ಊರ ನಡುವಿಗೆ ಬರುವಷ್ಟರಲ್ಲಿ ‘ಅಯ್ಯ’ ಎಂಬುದು ಉದುರಿಹೋಗುತ್ತಿತ್ತು. ಗುಡಿಯಲ್ಲಿ ದೇವರನ್ನು ಮಾದಪ್ಪನೆಂದು ಕೂಗಿ ಕೈಮುಗಿದು ಬಂದವನೇ, ಗದ್ದೆಯಲ್ಲಿ ಆ ದೇವರ ಹೆಸರನ್ನೇ ಹೊತ್ತ ಮುದುಕನನ್ನು ‘ಲೋ ಮಾದ’ ಎಂದು ಕೂಗುವನು. ಮನುಷ್ಯರೊಳಗಿನ ಭೇದವು ಹೆಸರಿನಲ್ಲಿರಲಿಲ್ಲ, ಹೆಸರಿನ ಬಾಲದಲ್ಲಿತ್ತು. ಮಾದ ಎಂಬ ಶಬ್ದದಲ್ಲಿ ಸ್ವತಃ ಯಾವ ಕೀಳೂ ಇಲ್ಲ. ಬಸವಣ್ಣನವರ ತಂದೆಯ ಹೆಸರೇ ಮಾದರಸ, ತಾಯಿಯ ಹೆಸರು ಮಾದಲಾಂಬಿಕೆ. ಅರಸನೆಂಬ ಬಾಲ ಸೇರಿದಾಗ ಆ ಶಬ್ದ ಅಗ್ರಹಾರದ ಹೆಸರಾಯಿತು. ಬಾಲವಿಲ್ಲದಾಗ ಕೇರಿಯ ಹೆಸರಾಯಿತು.

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟು ಹನ್ನೆರಡನೆಯ ಶತಮಾನದ ಕಲ್ಯಾಣದ ಕಡೆಗೆ ತಿರುಗಿದರೆ, ಶರಣರ ಹೆಸರುಗಳು ಹೊಸ ಬೆಳಕಿನಲ್ಲಿ ಕಾಣುತ್ತವೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ತುರುಗಾಹಿ ರಾಮಣ್ಣ, ಹೆಂಡದ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಹೆಸರಿನ ಮುಂಭಾಗದಲ್ಲಿ ಕಾಯಕ ಅಥವಾ ಕುಲ. ಹಿಂಭಾಗದಲ್ಲಿ ಅಯ್ಯ, ಅಣ್ಣ, ಅಮ್ಮ. ಮುಂಭಾಗವನ್ನು ಶರಣರು ಮುಚ್ಚಿಡಲಿಲ್ಲ. ಚಕ್ಕಳದ ಕೆಲಸದವನನ್ನು ಬೇರೊಂದು ಚೆಂದದ ಹೆಸರಿನಿಂದ ಕರೆದು ಅವನ ಹುಟ್ಟನ್ನು ಮರೆಸುವ ಉಪಾಯವನ್ನು ಅವರು ಹಿಡಿಯಲಿಲ್ಲ. ಅವರು ಬದಲಾಯಿಸಿದುದು ಕರೆಯುವವರ ಬಾಯನ್ನು. ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಬಂಧುಗಳನ್ನು ಎಣಿಸುವಾಗ ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ, ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ, ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಕರೆದುಕೊಂಡಿದ್ದಾರೆ. ಆ ಬಂಧುಗಳ ಸಾಲಿನಲ್ಲಿ ಒಬ್ಬ ಚಿಕ್ಕಯ್ಯನೂ ಇದ್ದಾನೆಂಬುದು ಚಿಕ್ಕಯ್ಯನಛತ್ರದ ಕಡೆಯ ಓದುಗರಿಗೆ ಹಿತವಾದ ವಿಷಯವಾದೀತು. ಮಂತ್ರಿಪದವಿಯಲ್ಲಿದ್ದ ಬ್ರಾಹ್ಮಣ ವಂಶಜರೊಬ್ಬರು ಚೆನ್ನನೆನ್ನದೆ ಚೆನ್ನಯ್ಯನೆಂದಾಗ, ಆ ಎರಡಕ್ಷರ ಬರಿಯ ಮರ್ಯಾದೆಯ ಮಾತಾಗಿರಲಿಲ್ಲ. ಅದರೊಳಗೆ ಸಹಪಂಕ್ತಿಯಿತ್ತು, ಮುಂದೆ ಕಲ್ಯಾಣದ ಕ್ರಾಂತಿಗೆ ಕಾರಣವಾದ ಸಂಬಂಧವೂ ಇತ್ತು.

ಕನ್ನಡದ ಹೆಸರುಗಳ ಕೊನೆಯಲ್ಲಿ ಬರುವ ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಯ್ಯ ಇವೆಲ್ಲ ನೆಂಟಸ್ತಿಕೆಯ ಶಬ್ದಗಳೆಂಬುದು ನಿತ್ಯಬಳಕೆಯಲ್ಲಿ ಮರೆತುಹೋಗುತ್ತದೆ. ಹಡಪದ ಅಪ್ಪಣ್ಣನವರ ಹೆಸರನ್ನು ನೋಡಬಹುದು. ಹಡಪವೆಂದರೆ ಎಲೆಯಡಿಕೆಯ ಸಂಚಿ. ಅದು ಅವರ ಕಾಯಕ. ಉಳಿದುದು ಅಪ್ಪ ಮತ್ತು ಅಣ್ಣ. ಆ ಹೆಸರಿನಲ್ಲಿ ಕಾಯಕ ಮತ್ತು ಬಾಂಧವ್ಯಗಳ ಹೊರತು ಮೂರನೆಯದೊಂದಿಲ್ಲ. ಹೆಸರಿನಲ್ಲಿ ‘ನಾನು’ ಎಂಬುದಕ್ಕೆ ಇಷ್ಟು ಕಡಮೆ ಸ್ಥಳವಿರುವ ಇನ್ನೊಬ್ಬ ಶರಣರು ಸಿಕ್ಕುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಕುಲದ ಶಬ್ದವನ್ನು ಹೆಸರಿನಲ್ಲಿ ಉಳಿಸಿಕೊಂಡರೆ ಕುಲವೂ ಉಳಿಯುವುದಿಲ್ಲವೆ? ಅದನ್ನು ಕಿತ್ತೆಸೆಯುವುದೇ ಮೇಲಲ್ಲವೆ? ತಮಿಳುನಾಡಿನಲ್ಲಿ ೧೯೨೯ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನವು ಹೆಸರಿನಿಂದ ಜಾತಿಯ ಬಾಲವನ್ನು ಕಡಿದುಹಾಕಬೇಕೆಂದೇ ನಿರ್ಣಯಿಸಿತು. ಇಂದು ಅಲ್ಲಿ ಬಹುಮಂದಿಯ ಹೆಸರಿನಲ್ಲಿ ಜಾತಿಸೂಚಕ ಶಬ್ದ ಕಾಣುವುದಿಲ್ಲ. ಅದೊಂದು ಗಂಭೀರವಾದ ಮಾರ್ಗವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹೆಸರು ಹೋದರೂ ಯಾವ ಕೇರಿಯವನೆಂದು ಕೇಳುವ ನಾಲಗೆ ಹೋಗಲಿಲ್ಲವೆಂಬುದನ್ನೂ ಕಾಣಬೇಕು. ಶರಣರ ಮಾರ್ಗದ ಅಪಾಯ ಇನ್ನೊಂದು ಬಗೆಯದು. ಹಿಂದಿನ ಶರಣನ ಹೆಸರನ್ನು ಗೌರವಿಸುತ್ತ ಇಂದಿನ ಕೇರಿಯನ್ನು ಅಗೌರವಿಸುವುದು ಅದರಲ್ಲಿ ಸುಲಭವಾಗಿಬಿಡುತ್ತದೆ. ಎರಡು ಮಾರ್ಗಗಳಲ್ಲಿ ಯಾವುದು ಮೇಲೆಂದು ತೀರ್ಮಾನಿಸುವ ಅಧಿಕಾರವಾದರೂ ಯಾರದು? ಹೆಸರಿನಿಂದಾಗಿ ಪೆಟ್ಟು ತಿಂದವನದು ಎಂದೇ ಹೇಳಬೇಕು. ಅಂತಹವನು ಹೆಸರನ್ನು ಬಿಟ್ಟರೂ ಸರಿ, ಎದೆಯೆತ್ತಿ ಹೇಳಿಕೊಂಡರೂ ಸರಿ. ಎಂದೂ ಪೆಟ್ಟು ತಿನ್ನದವನು ‘ಹೆಸರಿನಲ್ಲೇನಿದೆ’ ಎಂದು ಉಪದೇಶಿಸಹೊರಟರೆ ಅದು ಉಂಡವನು ಉಪವಾಸದ ಮಹಿಮೆಯನ್ನು ವರ್ಣಿಸಿದಂತೆ.

ಸೂಳೆ ಸಂಕವ್ವೆಯ ಹೆಸರು ಈ ವಿಷಯದಲ್ಲಿ ಎಲ್ಲಕ್ಕಿಂತ ಕಠಿನವಾದುದು. ಅವಳದೆಂದು ದೊರೆತಿರುವುದು ಒಂದೇ ಒಂದು ವಚನ. ಮಡಿವಾಳ, ಅಂಬಿಗ ಎಂಬವು ಕಾಯಕದ ಮಾತುಗಳೆಂದು ಸಮಾಧಾನ ಹೇಳಬಹುದು. ಸಂಕವ್ವೆಯ ಹೆಸರಿನ ಮುಂದಿರುವ ಶಬ್ದವನ್ನು ಸಭ್ಯರು ಇಂದಿಗೂ ಗಟ್ಟಿಯಾಗಿ ಓದಲು ಹಿಂಜರಿಯುತ್ತಾರೆ. ಆದರೆ ಅವಳು ತನ್ನ ವಚನಕ್ಕೆ ಇಟ್ಟ ಅಂಕಿತವೇನು? ನಿರ್ಲಜ್ಜೇಶ್ವರ. ಲೋಕವು ಯಾವ ಲಜ್ಜೆಯನ್ನು ಅವಳ ಹೆಸರಿನ ಮೊದಲಲ್ಲಿ ಕಟ್ಟಿತೋ ಆ ಲಜ್ಜೆಯನ್ನೇ ನೀಗಿದವನನ್ನು ಅವಳು ತನ್ನ ದೇವರೆಂದು ಮಾತಿನ ಕೊನೆಯಲ್ಲಿ ನಿಲ್ಲಿಸಿದಳು. ಮೊದಲಿನ ಶಬ್ದ ಇತರರು ಇಟ್ಟುದು, ಕೊನೆಯ ಶಬ್ದ ಅವಳೇ ಇಟ್ಟುದು. ನಾಮಕ್ಕೂ ಅಂಕಿತಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ವಚನವಾಙ್ಮಯದಲ್ಲಿಯೇ ದುರ್ಲಭ.

ಅಂಕಿತವೆಂಬುದು ಶರಣರು ತಾವಾಗಿ ಆರಿಸಿಕೊಂಡ ಹೆಸರು. ಆದರೆ ಅದು ತಮ್ಮ ಹೆಸರಲ್ಲ. ಇದೇ ಅದರ ವೈಶಿಷ್ಟ್ಯ. ಅಲ್ಲಮಪ್ರಭುಗಳು ಗುಹೇಶ್ವರನಲ್ಲಿಯೂ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಲ್ಲಿಯೂ ತಮ್ಮ ನಾಮಗಳನ್ನು ಅಡಗಿಸಿದರು. ದನಗಾಹಿಯಾದ ರಾಮಣ್ಣನು ತನ್ನ ಅಂಕಿತದಲ್ಲಿ ಗೋಪತಿನಾಥನನ್ನು ಕರೆದನು. ಮಾದಾರ ಚೆನ್ನಯ್ಯನ ಅಂಕಿತದಲ್ಲಿಯಂತೂ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಚಮ್ಮಾರಿಕೆಯ ಉಪಕರಣಗಳೇ ಬಂದು ಕುಳಿತಿವೆ. ಪೂಜೆಯ ಸಾಹಿತ್ಯದಂತೆ ಅವೂ ದೇವರ ಸನ್ನಿಧಿಗೆ ಸಂದಿವೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಪತಿಯ ಹೆಸರು ಅಂಕಿತದಲ್ಲಿದ್ದರೂ, ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಆ ಪತಿಯನ್ನೇ ಆಕೆ ತರಾಟೆಗೆ ತೆಗೆದುಕೊಂಡು, ಅದನ್ನು ಬಂದಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದಳು. ಹೆಸರಿನಲ್ಲಿ ಗಂಡನನ್ನು ಹೊತ್ತವಳು ವಿವೇಕದಲ್ಲಿ ಅವನ ನೆರಳಾಗಬೇಕಿಲ್ಲವೆಂಬುದನ್ನು ಗೃಹಸ್ಥರು ನೆನೆಯಬಹುದು. ಈ ಎಲ್ಲರ ನಡುವೆ ಅಂಬಿಗರ ಚೌಡಯ್ಯ ಒಬ್ಬನೇ ಬೇರೆ ದಾರಿಯವನು. ಅವನ ವಚನಗಳ ಕೊನೆಯಲ್ಲಿ ಬರುವುದು ದೇವರ ಹೆಸರಲ್ಲ, ಅಂಬಿಗರ ಚೌಡಯ್ಯನೆಂಬ ಅವನದೇ ಹೆಸರು. ಇದು ಅಹಂಕಾರವೆಂದು ತೋರಬಹುದು. ಆದರೆ ದೋಣಿ ನಡೆಸುವವನು ಲೋಕಕ್ಕೆ ಬುದ್ಧಿ ಹೇಳುವಾಗ, ಹೇಳಿದವನು ದೋಣಿ ನಡೆಸುವವನೇ ಎಂಬುದು ಕೇಳಿದವರಿಗೆ ಮರೆಯಬಾರದಷ್ಟೆ. ಆ ನಿಷ್ಠುರಿಗೆ ಅದೇ ಒಪ್ಪುವ ಅಂಕಿತ.

ಅಂಕಿತಕ್ಕೆ ಮತ್ತೊಂದು ಉಪಕಾರವೂ ಉಂಟು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಯ ಕಟ್ಟುಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಕಾಲದಿಂದ, ೧೯೯೩ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳ ೧೫ ಸಂಪುಟಗಳನ್ನು ಪ್ರಕಟಿಸುವವರೆಗೆ, ಯಾವ ವಚನ ಯಾರದೆಂದು ನಿರ್ಣಯಿಸಲು ಮುಖ್ಯ ಆಧಾರವಾದುದು ಅಂಕಿತವೇ. ತಮ್ಮನ್ನು ಮರೆಸಿಕೊಳ್ಳಲು ಇಟ್ಟ ಹೆಸರೇ ಅವರನ್ನು ಗುರುತಿಸುವ ಗುರುತಾಯಿತು.

ಆದಕಾರಣವೇ ಅದನ್ನು ಬದಲಾಯಿಸಿದಾಗ ನಾಡು ಕಲಕಿತು. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಕೂಡಲಸಂಗಮದೇವ ಎಂಬ ಅಂಕಿತದ ಸ್ಥಾನದಲ್ಲಿ ಲಿಂಗದೇವ ಎಂದು ಬಳಸಿದರು. ೧೯೯೮ರಲ್ಲಿ ರಾಜ್ಯ ಸರ್ಕಾರವು ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಕೂಡಲಸಂಗಮವು ಸ್ಥಾವರ ಕ್ಷೇತ್ರವೊಂದರ ಹೆಸರು, ಲಿಂಗದೇವನೆಂಬುದು ಇಷ್ಟಲಿಂಗನಿಷ್ಠೆಗೆ ಹೆಚ್ಚು ಸಮಂಜಸ ಎಂಬ ವಾದ ಭಕ್ತಿಯಿಲ್ಲದವರ ವಾದವಲ್ಲ. ಗ್ರಂಥವನ್ನು ನಿಷೇಧಿಸುವುದು ಯುಕ್ತವೇ ಎಂಬುದೂ ಬೇರೆ ಚರ್ಚೆ. ಆದರೆ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಆ ಸಂಗಮದ ದಂಡೆಯಲ್ಲಿ ಬಸವಣ್ಣನವರು ವಿದ್ಯೆ ಕಲಿತರು, ಅಲ್ಲಿಯೇ ಐಕ್ಯರಾದರು. ಆ ಜಲದ, ಆ ಎಳೆತನದ, ಆ ಗುರುಸನ್ನಿಧಿಯ ನೆನಪು ಆ ಹೆಸರಿನಲ್ಲಿದೆ. ಅರ್ಥ ಒಂದೇ ಆದರೂ ಹೆಸರು ಒಂದೇ ಆಗುವುದಿಲ್ಲ. ಒಬ್ಬರ ದೇವರನ್ನು ಅವರು ಕರೆದ ಹೆಸರಿನಿಂದಲೇ ಕರೆಯಲು ಬಿಡುವುದು ಅವರ ವಿಷಯದಲ್ಲಿ ತೋರಬೇಕಾದ ಕನಿಷ್ಠ ಮರ್ಯಾದೆ. ತಾನು ಬೇರೆಯಾಗಿ ಕರೆಯಬೇಕೆನ್ನುವವನಿಗೆ ತನ್ನದೇ ವಚನವನ್ನು ಬರೆಯುವ ಸ್ವಾತಂತ್ರ್ಯ ಇದ್ದೇ ಇದೆ.

ಇಂದಿನ ಗೃಹಸ್ಥರ ಮುಂದಿರುವ ತೊಡಕುಗಳಲ್ಲಿ ಕೆಲವು ಹಗುರವಾದುವು. ಧಾರವಾಡ ಬೆಳಗಾವಿಗಳ ಕಡೆ ಅಡ್ಡಹೆಸರಿನ ಪದ್ಧತಿಯಿದೆ. ಹಿರೇಮಠ, ಅಂಗಡಿ, ಪಾಟೀಲರೊಡನೆ ಮೆಣಸಿನಕಾಯಿಯವರೂ ಅಲ್ಲಿ ಗೌರವದಿಂದಿದ್ದಾರೆ. ಮೈಸೂರು ಕಡೆಯವರಿಗೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ ಇವೇ ಸಾಕಾಗಿದ್ದುವು. ಆದುದರಿಂದ ಮಗನು ಪರದೇಶಕ್ಕೆ ಹೊರಟು ಪಾಸ್‌ಪೋರ್ಟಿನ ಅರ್ಜಿ ತುಂಬುವಾಗ ಅಡ್ಡಹೆಸರಿನ ಮನೆಯಲ್ಲಿ ತಂದೆಯ ಹೆಸರನ್ನು ಬರೆಯುತ್ತಾನೆ. ಅಲ್ಲಿಗೆ ಹೋದ ಮೇಲೆ ಕಚೇರಿಯವರೆಲ್ಲ ಅವನನ್ನು ಅಪ್ಪನ ಹೆಸರಿನಿಂದಲೇ ಕೂಗುತ್ತಾರೆ. ಇದು ನಕ್ಕು ಬಿಡಬಹುದಾದ ಮಾತು. ಹುಟ್ಟುವ ಮಕ್ಕಳಿಗೆ ನಂಜಮ್ಮ, ಗುರುಮಲ್ಲಪ್ಪ ಎಂಬ ಹೆಸರುಗಳು ಹಳ್ಳಿಗಾಡೆಂದು ತೋರಿ, ಯಾವ ನಾಡಿಗೂ ಸಲ್ಲುವ ಎರಡಕ್ಷರದ ಹೆಸರನ್ನು ಹುಡುಕುವುದೂ ದೊಡ್ಡ ಅಪರಾಧವಲ್ಲ. ಆದರೂ ದೇವನೂರಿನ ಗುರುಮಲ್ಲೇಶ್ವರರ ನೆನಪು ಆ ಭಾಗದ ಮನೆಗಳಲ್ಲಿ ಉಳಿದುಬಂದುದು ಗದ್ದುಗೆಯಿಂದ ಎಷ್ಟೋ, ಗುರುಮಲ್ಲಪ್ಪ, ಗುರುಮಲ್ಲಮ್ಮ ಎಂಬ ಹೆಸರುಗಳಿಂದಲೂ ಅಷ್ಟೇ.

ಆ ದೇವನೂರಿನಲ್ಲಿಯೇ ದಲಿತ ಕುಟುಂಬವೊಂದರಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರ ಹೆಸರನ್ನು ನಾಡೆಲ್ಲ ಬಲ್ಲದು. ೧೯೮೪ರ ‘ಕುಸುಮಬಾಲೆ’ಯು ಆ ಭಾಗದ ಜನರ ಮಾತನ್ನೇ ಕನ್ನಡದ ಶ್ರೇಷ್ಠ ಗದ್ಯಗಳಲ್ಲಿ ಒಂದನ್ನಾಗಿಸಿತು, ೧೯೯೦ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಅವರ ಹೆಸರಿನಲ್ಲಿ ಒಂದು ಊರಿದೆ, ಒಬ್ಬ ದೇವರಿದ್ದಾನೆ. ಸ್ವಾಮಿ, ಅಪ್ಪ, ಅಯ್ಯ ಎಂಬ ಯಾವ ಬಾಲವೂ ಇಲ್ಲ. ಅದು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಎಲ್ಲರೂ ಸಾಹಿತಿಗಳಾಗುವುದಿಲ್ಲ. ಹಿಂದೆ ಕೇರಿಯ ಹಿರಿಯರು ಊರಿನ ಯಜಮಾನರನ್ನು, ಅವರ ಮನೆಯ ಹತ್ತು ವರ್ಷದ ಬಾಲಕನನ್ನೂ ಕೂಡ, ‘ಬುದ್ಧಿ’ ಎಂದು ಕರೆಯುತ್ತಿದ್ದರು. ಆ ಬಾಲಕನು ಅರವತ್ತರ ಮುದುಕನನ್ನು ಏಕವಚನದಲ್ಲಿ ಕರೆಯುತ್ತಿದ್ದನು. ಆ ಯಜಮಾನರ ಮನೆಯಲ್ಲಿ ಪ್ರಾತಃಕಾಲ ಲಿಂಗಪೂಜೆಯ ವೇಳೆಯಲ್ಲಿ ಮಾದಾರ ಚೆನ್ನಯ್ಯನವರ ಹೆಸರು ‘ಅಯ್ಯ’ನೊಡನೆಯೂ ‘ಅವರು’ ಎಂಬುದರೊಡನೆಯೂ ಕೇಳಿಬರುತ್ತಿತ್ತೆಂಬುದನ್ನು ಮರೆಯುವಂತಿಲ್ಲ. ಈ ರೂಢಿ ಇಂದು ಬಹುಮಟ್ಟಿಗೆ ಸಡಿಲವಾಗಿದೆ. ಪೂರ್ತಿ ಹೋಗಿದೆಯೆಂದು ಹೇಳುವ ಧೈರ್ಯ ಸಾಲದು. ಕೇರಿಯಲ್ಲಿ ಹುಟ್ಟಿ ಓದಿ ತಾಲ್ಲೂಕು ಕಚೇರಿಯಲ್ಲಿ ಕುರ್ಚಿ ಹಿಡಿದ ಮಾದಯ್ಯನಿಗೆ, ಪಹಣಿಯ ತಿದ್ದುಪಡಿಗಾಗಿ ಬಂದ ಊರವರು ‘ಮಾದಯ್ಯನವರೇ’ ಎನ್ನುತ್ತಾರೆ. ಆ ‘ಅವರು’ ಮನುಷ್ಯನಿಗೆ ಸಂದುದೋ ಕುರ್ಚಿಗೆ ಸಂದುದೋ ಎಂಬುದು ಅವನಿಗೆ ತಿಳಿಯುವುದು ಕಚೇರಿಯಲ್ಲಲ್ಲ. ಹಬ್ಬಕ್ಕೆ ಊರಿಗೆ ಬಂದು, ಯಜಮಾನರ ಜಗುಲಿಯ ಮುಂದೆ ಅವನು ಹಾದುಹೋಗುವಾಗ, ಒಳಗಿನಿಂದ ಯಾರೋ ಅವನ ತಂದೆಯನ್ನು ಕೂಗುತ್ತಾರೆ. ಮಗನು ನಿಂತು, ಆ ಕೂಗಿನ ಕೊನೆಯಲ್ಲಿ ಏನು ಬರುವುದೆಂದು ಕಿವಿಗೊಡುತ್ತಾನೆ.